‘ಬಿಳಿ ಕುದುರೆ ಬಿಳಿ ಅಲ್ಲ’: ಮುಂಡಗೋಡದ ಅಂಗಳದಲ್ಲಿ ಯೋಚನೆ ಹುಟ್ಟುವ ಬಗೆ

ಹೊಸ ಐಡಿಯಾ ಹುಟ್ಟಿಸೋದು ಹೇಗೆ ಅಂತ ಹೇಳಿಕೊಡೋರಿಗೆ ಈಗ ಬರವಿಲ್ಲ. ಪುಸ್ತಕ ಇವೆ, ವಿಡಿಯೋ ಇವೆ, ಎರಡು ದಿನದ ಕಾರ್ಯಾಗಾರಗಳಿವೆ. ಇವುಗಳಲ್ಲಿ ಹೆಚ್ಚಿನವುಗಳ ಮೂಲಪುರುಷ ಒಬ್ಬ ಅಮೆರಿಕನ್ ಜಾಹೀರಾತುದಾರ, ಅಲೆಕ್ಸ್ ಆಸ್ಬಾರ್ನ್. 1953ರಲ್ಲಿ ‘ಅಪ್ಲೈಡ್ ಇಮ್ಯಾಜಿನೇಷನ್’ ಅಂತ ಪುಸ್ತಕ ಬರೆದ. ನಾವು ಇವತ್ತು ‘ಬ್ರೈನ್‌ಸ್ಟಾರ್ಮಿಂಗ್’ ಅಂತೀವಲ್ಲ, ಅದನ್ನ ಜಗತ್ತಿಗೆ ಹಂಚಿದವನು ಅವನೇ. ಗುಂಪಾಗಿ ಕೂತ್ಕೊಳ್ಳಿ, ತಲೆಗೆ ಬಂದದ್ದೆಲ್ಲ ಹೇಳಿ, ಎಷ್ಟು ಹೆಚ್ಚು ಹೇಳಿದ್ರೆ ಅಷ್ಟು ಒಳ್ಳೇದು, ಒಬ್ಬರದ್ದಕ್ಕೆ ಇನ್ನೊಬ್ಬರು ಸೇರಿಸಿ. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ: ಯಾರನ್ನೂ ಟೀಕೆ ಮಾಡಬೇಡಿ.

ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದಾಗ ಇಂಥ ಹತ್ತಾರು ಸಭೆಗಳಲ್ಲಿ ನಾನೂ ಕೂತಿದ್ದೀನಿ. ಗೋಡೆ ತುಂಬ ಹಳದಿ ಚೀಟಿ. ಎಲ್ಲರೂ ಎಲ್ಲದಕ್ಕೂ ‘ಸೂಪರ್’ ಅನ್ನೋದು. ಸಂಜೆ ಹೊತ್ತಿಗೆ ಆ ಚೀಟಿಗಳು ಕಸದ ಬುಟ್ಟಿ ಸೇರ್ತಿದ್ದವು.

ಇವತ್ತು ನಾನು ಹೇಳಹೊರಟಿರೋದು ಇದಕ್ಕೆ ತದ್ವಿರುದ್ಧವಾದ ಒಂದು ಪದ್ಧತಿಯ ಚರಿತ್ರೆ. ಅಲ್ಲಿ ಟೀಕೆ ಮಾಡಬಾರದು ಅನ್ನೋದಿಲ್ಲ, ಟೀಕೆ ಬಿಟ್ಟು ಬೇರೇನೂ ಮಾಡಬಾರದು. ಅದನ್ನ ನೋಡೋಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದ್ರೆ ಸಾಕು, ಉತ್ತರ ಕನ್ನಡದ ಮುಂಡಗೋಡಕ್ಕೆ.

ಮುಂಡಗೋಡದ ಟಿಬೆಟನ್ ವಸಾಹತು ಶುರುವಾದದ್ದು 1966ರಲ್ಲಿ. ಅದಕ್ಕೂ ಮೊದಲೇ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲ ಸಿಕ್ಕಿತ್ತು. ಆಗಿನ ಮೈಸೂರು ರಾಜ್ಯ ಇಲ್ಲಿ ಕಾಡಂಚಿನ ಜಾಗ ಕೊಟ್ಟಿತು. ಬಂದವರು ಪೊದೆ ಕಡಿದು, ಜೋಳ, ಭತ್ತ ಬೆಳೆದು ಊರು ಕಟ್ಟಿದರು. ಊರುಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ: ಕ್ಯಾಂಪ್ ನಂಬರ್ ಒಂದು, ಎರಡು, ಮೂರು. ಒಂದನೇ ನಂಬರಿನ ಲಾಮಾ ಕ್ಯಾಂಪಿನಲ್ಲಿ ಗಾಂಡೆನ್ ಮಠ, ಎರಡನೆಯದರಲ್ಲಿ ಡ್ರೆಪುಂಗ್ ಮಠ. ಟಿಬೆಟ್‌ನಲ್ಲಿ ಗಾಂಡೆನ್ ಸ್ಥಾಪನೆಯಾದದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. ಲ್ಹಾಸಾದ ಹತ್ತಿರದ ಡ್ರೆಪುಂಗ್‌ನಲ್ಲಿ ಸಂಪ್ರದಾಯ ಹೇಳುವ ಲೆಕ್ಕದಂತೆ 7,700 ಸನ್ಯಾಸಿಗಳು. ಮಠ ಅಂದ್ರೆ ಮಠ ಅಲ್ಲ, ಒಂದು ಪಟ್ಟಣ, ಅದರೊಳಗೊಂದು ವಿಶ್ವವಿದ್ಯಾಲಯ.

1959ರಲ್ಲಿ ಅದೆಲ್ಲ ಕೈಬಿಟ್ಟು ಹೋಯಿತು. ಆ ವರ್ಷದ ಆರಂಭದಲ್ಲಿ ದಲಾಯಿ ಲಾಮಾ ಲ್ಹಾಸಾದ ಜೋಖಾಂಗ್ ಗುಡಿಯಲ್ಲಿ ಸಾವಿರಾರು ಜನರ ಮುಂದೆ ಕೂತು ತಮ್ಮ ಗೆಶೆ ಪದವಿಯ ವಾದ ಪರೀಕ್ಷೆ ಮುಗಿಸಿದ್ದರು. ಆಗವರಿಗೆ 23 ವರ್ಷ. ಮಾರ್ಚ್ ತಿಂಗಳಲ್ಲಿ ಅವರು ದೇಶ ಬಿಡಬೇಕಾಯಿತು. ಅವರ ಹಿಂದೆ ಗುಡ್ಡ ದಾಟಿ ಬಂದ ಸನ್ಯಾಸಿಗಳಲ್ಲಿ ಸುಮಾರು 1,500 ಮಂದಿಯನ್ನ ಭಾರತ ಸರ್ಕಾರ ಉತ್ತರ ಬಂಗಾಳದ ಬಕ್ಸಾದಲ್ಲಿಟ್ಟಿತು. ಬಕ್ಸಾ ಬ್ರಿಟಿಷರ ಕಾಲದಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನ ಕೂಡಿಹಾಕುತ್ತಿದ್ದ ಜೈಲು. ಹಿಮದ ನಾಡಿನವರಿಗೆ ಆ ಸೆಖೆ ತಡೀಲಿಲ್ಲ. ಕ್ಷಯರೋಗ ಬಂತು, ಅನೇಕರು ತೀರಿಕೊಂಡರು. ಹೆಚ್ಚುಕಡಿಮೆ ಹತ್ತು ವರ್ಷ ಅಲ್ಲಿದ್ದು, 1969ರ ಸುಮಾರಿಗೆ ಉಳಿದವರು ದಕ್ಷಿಣಕ್ಕೆ ಬಂದರು. ಸೆರಾ ಮಠದವರು ಬೈಲಕುಪ್ಪೆಗೆ, ಗಾಂಡೆನ್ ಮತ್ತು ಡ್ರೆಪುಂಗ್‌ನವರು ಮುಂಡಗೋಡಕ್ಕೆ.

ಅವರು ಹೊತ್ತು ತಂದದ್ದೇನು? ಗ್ರಂಥಗಳು ಸ್ವಲ್ಪ, ವಿಗ್ರಹಗಳು ಸ್ವಲ್ಪ. ಆದರೆ ಈ ಮಠಗಳ ನಿಜವಾದ ಆಸ್ತಿ ಗಂಟುಮೂಟೆಯಲ್ಲಿ ಬರುವಂಥದ್ದಾಗಿರಲಿಲ್ಲ. ವಾದ ಮಾಡುವ ವಿದ್ಯೆಗೆ ಎರಡು ಜನ ಬೇಕು, ಒಂದಿಷ್ಟು ಅಂಗಳ ಬೇಕು, ಅಷ್ಟೇ. ಬಕ್ಸಾದ ಜೈಲಿನಲ್ಲೂ ಅದು ನಿಲ್ಲಲಿಲ್ಲ. (ಪಕ್ಕದ ದಾಂಡೇಲಿಯಲ್ಲಿ ದೇಶಕ್ಕೆಲ್ಲ ಕಾಗದ ಮಾಡುವ ಕಾರ್ಖಾನೆ, ಈ ಕಡೆ ಮುಂಡಗೋಡದಲ್ಲಿ ಕಾಗದವನ್ನೇ ಮುಟ್ಟದೆ ನಡೆಯುವ ಪಾಠ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗಿದು ನೆನಪಾಗುತ್ತೆ.)

ಈಗ ಅಂಗಳಕ್ಕೆ ಬರೋಣ. ಅದಕ್ಕೆ ‘ಚೋರಾ’ ಅಂತಾರೆ. ಸಂಜೆ ಹೊತ್ತಿಗೆ ಹೋದರೆ ಮೊದಲು ಕೇಳಿಸೋದು ಚಪ್ಪಾಳೆ. ನೂರಾರು ಜೋಡಿ ಕೈಗಳ ಚಪ್ಪಾಳೆ, ಕೂಗು, ನಗು. ಹೊಸಬರಿಗೆ ಜಗಳ ನಡೀತಿದೆ ಅನಿಸೋದು ಸಹಜ. ಪ್ರತಿ ಜೋಡಿಯಲ್ಲಿ ಒಬ್ಬ ನೆಲದ ಮೇಲೆ ಕೂತಿರ್ತಾನೆ, ಒಬ್ಬ ನಿಂತಿರ್ತಾನೆ. ಕೂತವನು ಉತ್ತರ ಕೊಡುವವನು, ನಿಂತವನು ಪ್ರಶ್ನೆ ಮಾಡುವವನು. ನಿಂತವನು ‘ಧೀಃ’ ಅಂತ ಕೂಗಿ ಶುರು ಮಾಡ್ತಾನೆ. ಅದು ಜ್ಞಾನದ ದೇವತೆ ಮಂಜುಶ್ರೀಯ ಬೀಜಾಕ್ಷರ. ಪ್ರಶ್ನೆಯ ಕೊನೆಗೆ ಎಡಗಾಲನ್ನ ನೆಲಕ್ಕಪ್ಪಳಿಸಿ ಬಲಗೈಯಿಂದ ಎಡಗೈಗೆ ಹೊಡೀತಾನೆ. ಆಮೇಲೆ ಎಡಗೈ ಮುಂದಕ್ಕೆ ಚಾಚಿ ಬಲಗೈ ಹಿಂದಕ್ಕೆಳೀತಾನೆ. ಎಡಗೈ ಕೆಳಗಿನ ಲೋಕಗಳ ಬಾಗಿಲು ಮುಚ್ಚಿದ್ದು, ಬಲಗೈ ಅಲ್ಲಿರುವ ಜೀವಿಗಳನ್ನ ಮೇಲೆತ್ತಿದ್ದು ಅಂತ ವಿವರಣೆ ಕೊಡ್ತಾರೆ. ಅದು ಸರಿಯೇ. ಜೊತೆಗೆ ಇನ್ನೊಂದು ಉಪಯೋಗ ಇದೆ ಅಂತ ನನಗನಿಸುತ್ತೆ: ಸಂಜೆ ಹೊತ್ತಲ್ಲಿ ಯಾರೂ ತೂಕಡಿಸೋಕೆ ಆಗಲ್ಲ!

ಕೂತವನಿಗೆ ಮನಬಂದಂತೆ ಭಾಷಣ ಮಾಡುವ ಹಾಗಿಲ್ಲ. ಅವನ ಹತ್ತಿರ ಇರೋದು ಕೆಲವೇ ಉತ್ತರ. ‘ದೋ’ ಅಂದ್ರೆ ಒಪ್ಪಿದೆ. ‘ಚೀಚಿರ್’ ಅಂದ್ರೆ ಯಾಕೆ. ‘ತಾಗ್ ಮಾಡುಪ್’ ಅಂದ್ರೆ ನೀನು ಕೊಟ್ಟ ಕಾರಣವೇ ಸಿದ್ಧವಾಗಿಲ್ಲ. ‘ಖ್ಯಾಪಾ ಮಾಜುಂಗ್’ ಅಂದ್ರೆ ಕಾರಣ ಸರಿ, ಆದರೆ ಅದರಿಂದ ಈ ತೀರ್ಮಾನ ಬರಲ್ಲ. ನಿಂತವನಿಗೂ ಒಂದು ಕಟ್ಟು ಇದೆ: ಅವನು ತನ್ನದೇ ಮತ ಸ್ಥಾಪಿಸುವ ಹಾಗಿಲ್ಲ. ಎದುರಾಳಿ ಒಪ್ಪಿದ ಮಾತಿನಿಂದ ಏನೇನು ಹೊರಡುತ್ತೋ ಅದನ್ನಷ್ಟೇ ಎಳೆದೆಳೆದು ಮುಂದಿಡಬೇಕು.

ಹುಡುಗರಿಗೆ ಮೊದಲ ಪಾಠ ಬಣ್ಣದ್ದು. ಅದು ಹೀಗೆ ನಡೆಯುತ್ತೆ, ನಾನು ಕನ್ನಡದಲ್ಲಿ ಹೇಳ್ತೀನಿ.

ನಿಂತವನು ಕೇಳ್ತಾನೆ: ಬಣ್ಣ ಅಂತ ಯಾವುದಿದೆಯೋ ಅದೆಲ್ಲ ಕೆಂಪೇ ಆಗಿರಬೇಕು, ಹೌದಾ? ಕೂತ ಹುಡುಗ ‘ಒಪ್ಪಿದೆ’ ಅಂದ ಅಂತಿಟ್ಟುಕೊಳ್ಳಿ. ಹಾಗಾದರೆ ಬಿಳಿ ಶಂಖದ ಬಣ್ಣ ತಗೋ, ಅದೂ ಕೆಂಪು ಅಂತಾಯ್ತು, ಯಾಕಂದ್ರೆ ಅದು ಬಣ್ಣ! ಈಗ ಹುಡುಗ ಸಿಕ್ಕಿಬಿದ್ದ. ‘ಕಾರಣ ಸಿದ್ಧವಾಗಿಲ್ಲ’ ಅಂದ್ರೆ ಶಂಖದ ಬಣ್ಣ ಬಣ್ಣವೇ ಅಲ್ಲ ಅಂದ ಹಾಗಾಗುತ್ತೆ. ‘ಒಪ್ಪಿದೆ, ಕೆಂಪು’ ಅಂದ್ರೆ ಮುಂದಿನ ಪ್ರಶ್ನೆ ತಯಾರಿದೆ: ಅದು ಕೆಂಪಲ್ಲ, ಯಾಕಂದ್ರೆ ಅದು ಬಿಳಿ. ಬಿಳಿಯೂ ಕೆಂಪೂ ಎರಡೂ ಆಗಿರೋ ಬಣ್ಣ ಒಂದನ್ನ ತೋರಿಸು ನೋಡೋಣ! ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವನು ಮೊದಲು ಒಪ್ಪಿದ್ದನ್ನೇ ವಾಪಸ್ ತಗೋಬೇಕು: ಬಣ್ಣ ಆದ ಮಾತ್ರಕ್ಕೆ ಕೆಂಪಾಗಬೇಕಿಲ್ಲ. ಆಗ ನಿಂತವನು ‘ಛಾ!’ ಅಂತ ಕೂಗಿ ಚಪ್ಪಾಳೆ ಬಡೀತಾನೆ. ನಿನ್ನ ಮೂಲ ಪ್ರತಿಜ್ಞೆ ಮುಗೀತು ಅಂತ ಅರ್ಥ.

ಇಷ್ಟೇನಾ ಅನ್ನಬೇಡಿ, ಇದರ ಮುಂದಿನ ಮೆಟ್ಟಿಲು ನೋಡಿ. ಬಿಳಿ ಕುದುರೆ ಬಿಳಿಯೋ ಅಲ್ಲವೋ? ನಾವು ಬಿಳಿ ಅಂತೀವಿ. ಪಠ್ಯ ಹೇಳುತ್ತೆ, ಅಲ್ಲ. ಬಿಳಿ ಅನ್ನೋದು ಒಂದು ಬಣ್ಣ. ಕುದುರೆ ಒಂದು ಜೀವಿ, ಅದು ಬಣ್ಣ ಅಲ್ಲ. ಬಿಳಿ ಇರೋದು ಕುದುರೆಯ ಮೈಬಣ್ಣ. ಕೇಳಿದ ತಕ್ಷಣ ಇದು ಕೂದಲು ಸೀಳುವ ಕೆಲಸ ಅನಿಸುತ್ತೆ. ಆದರೆ ಹತ್ತು ಹನ್ನೆರಡು ವಯಸ್ಸಿನ ಹುಡುಗನೊಬ್ಬ ‘ಇದು ಹೀಗೇ’ ಅಂತ ದಿನಾ ಆಡುತ್ತಿದ್ದ ಮಾತು ಕಣ್ಣೆದುರೇ ಎರಡು ತುಂಡಾಗೋದನ್ನ ನೋಡ್ತಾನೆ. ಒಂದು ಸಲ ಅದು ತುಂಡಾದ್ರೆ, ‘ನಾನು ಸಿಟ್ಟಿನವನು’ ಅನ್ನೋ ಮಾತನ್ನೂ ಹಾಗೇ ತುಂಡು ಮಾಡಬಹುದು: ಸಿಟ್ಟು ಒಂದು, ನಾನು ಒಂದು. ಕೊನೆಗೆ ‘ನಾನು’ ಅನ್ನೋದನ್ನೇ ಹುಡುಕೋಕೆ ಹೊರಡಬಹುದು. ಬೌದ್ಧರಿಗೆ ಬೇಕಾದದ್ದು ಅದೇ. ಕುದುರೆಯಿಂದ ಅಲ್ಲಿಗೆ ಹೋಗೋಕೆ ಸುಮಾರು 20 ವರ್ಷ ಹಿಡಿಯುತ್ತೆ. ಪ್ರಮಾಣ, ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ, ವಿನಯ, ಈ ಐದು ವಿಷಯ ದಾಟಿದ ಮೇಲೆ ಗೆಶೆ ಪದವಿ.

ಇಲ್ಲಿ ಕನ್ನಡದವರು ಕಿವಿ ನಿಮಿರಿಸಬೇಕಾದ ಒಂದು ವಿಷಯ ಇದೆ. ‘ತಾಗ್ ಮಾಡುಪ್’ ಅನ್ನೋದು ಟಿಬೆಟನ್ ಮಾತು ನಿಜ, ಆದರೆ ಅದು ಒಂದು ಅನುವಾದ. ಮೂಲ ಸಂಸ್ಕೃತದಲ್ಲಿ ಅದು ‘ಹೇತು ಅಸಿದ್ಧ’. ‘ಖ್ಯಾಪಾ ಮಾಜುಂಗ್’ ಅಂದ್ರೆ ‘ವ್ಯಾಪ್ತಿ ಇಲ್ಲ’. ನಮ್ಮ ತರ್ಕಶಾಸ್ತ್ರದ ಪಾಠಶಾಲೆಗಳಲ್ಲಿ ಇವತ್ತಿಗೂ ಇದೇ ಮಾತು. ಈ ವಿದ್ಯೆಗೆ ಅಡಿಗಲ್ಲು ಹಾಕಿದ ದಿಙ್ನಾಗ ಐದು-ಆರನೇ ಶತಮಾನದವನು. ಕಂಚಿಯ ಹತ್ತಿರ ಹುಟ್ಟಿದವನು ಅಂತ ಪರಂಪರೆ. ಅದರ ಮೇಲೆ ಮಾಳಿಗೆ ಕಟ್ಟಿದವನು ಏಳನೇ ಶತಮಾನದ ಧರ್ಮಕೀರ್ತಿ, ಅವನನ್ನೂ ದಕ್ಷಿಣದವನೆಂದೇ ಟಿಬೆಟನ್ನರು ಹೇಳ್ತಾರೆ. ಮುಂಡಗೋಡದಿಂದ ಬಹಳ ದೂರವಿಲ್ಲದ ಬನವಾಸಿಯನ್ನ ಆಳಿದ ಕದಂಬರ ಮಯೂರಶರ್ಮ ಓದೋಕೆ ಹೋದದ್ದೂ ಕಂಚಿಯ ಘಟಿಕೆಗೇ, ತಾಳಗುಂದದ ಶಾಸನ ಅದನ್ನ ಹೇಳುತ್ತೆ. ಇನ್ನೂ ಹಿಂದೆ, ಅಶೋಕನ ಕಾಲದಲ್ಲಿ ರಕ್ಖಿತ ಅನ್ನುವ ಭಿಕ್ಷುವನ್ನ ‘ವನವಾಸ’ಕ್ಕೆ ಕಳಿಸಿದ್ರು ಅಂತ ಸಿಂಹಳದ ಮಹಾವಂಸ ಬರೆದಿಟ್ಟಿದೆ. ಅಂದ್ರೆ ಈ ಸೀಮೆಗೆ ಭಿಕ್ಷುಗಳು ಬಂದದ್ದು 1966ರಲ್ಲೇ ಮೊದಲಲ್ಲ.

ಇಲ್ಲಿಂದ ವಿದ್ಯೆ ಉತ್ತರಕ್ಕೆ ಹೋಯಿತು. ಎಂಟನೇ ಶತಮಾನದ ಕೊನೆಗೆ ಸಮ್ಯೆ ಅನ್ನುವಲ್ಲಿ ಭಾರತದ ಕಮಲಶೀಲನಿಗೂ ಚೀನಾದ ಒಬ್ಬ ಭಿಕ್ಷುವಿಗೂ ರಾಜನ ಎದುರು ವಾದ ನಡೆದು, ಕಮಲಶೀಲ ಗೆದ್ದ ಅಂತ ಟಿಬೆಟನ್ ಚರಿತ್ರೆಗಳು ಹೇಳುತ್ತವೆ. ಆಮೇಲೆ 1073ರಲ್ಲಿ ಸ್ಥಾಪನೆಯಾದ ಸಾಂಗ್‌ಫು ಮಠ. ಅಲ್ಲಿ ಹನ್ನೆರಡನೇ ಶತಮಾನದಲ್ಲಿ ಛಾಪಾ ಛೋಕಿ ಸೆಂಗೆ ಅನ್ನುವ ಪಂಡಿತ ಈ ತರ್ಕವನ್ನ ಮಕ್ಕಳಿಗೂ ಕಲಿಸುವ ಹಾಗೆ ಪಾಠಕ್ರಮವಾಗಿ ಹೊಂದಿಸಿದ. ಬಿಳಿ ಶಂಖ, ಕೆಂಪು ಬಣ್ಣದ ಪಾಠದ ಬೇರು ಅಲ್ಲಿದೆ. ಅಷ್ಟರಲ್ಲಿ ಭಾರತದಲ್ಲಿ ಮೂಲ ಗ್ರಂಥಗಳೇ ಕಳೆದುಹೋದವು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್‌ನ ಮಠಗಳಲ್ಲಿ ತಾಳೆಗರಿ ಹುಡುಕಿ, ಧರ್ಮಕೀರ್ತಿಯ ಪ್ರಮಾಣವಾರ್ತಿಕವನ್ನ ಸಂಸ್ಕೃತದಲ್ಲೇ ಮತ್ತೆ ಬೆಳಕಿಗೆ ತಂದರು. ದಕ್ಷಿಣದಿಂದ ಹೋದ ವಿದ್ಯೆ ಸಾವಿರ ವರ್ಷ ಬಿಟ್ಟು, ನಿರಾಶ್ರಿತನಾಗಿ, ದಕ್ಷಿಣಕ್ಕೇ ವಾಪಸ್ ಬಂತು.

ರಾಹುಲರ ಜೊತೆಗೆ 1934ರಲ್ಲಿ ಓಡಾಡಿದ ಒಬ್ಬ ಡ್ರೆಪುಂಗ್ ಸನ್ಯಾಸಿಯ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಯಾಕಂದ್ರೆ ನನ್ನ ಮನಸ್ಸಲ್ಲಿದ್ದ ದೊಡ್ಡ ಅನುಮಾನಕ್ಕೆ ಉತ್ತರ ಅಲ್ಲೇ ಇದೆ. ಅನುಮಾನ ಏನಂದ್ರೆ, ಇಷ್ಟೆಲ್ಲ ವಾದ ಮಾಡಿ ಹೊಸದೇನಾದ್ರೂ ಹುಟ್ಟುತ್ತಾ? ಅಥವಾ ಮಠದ ಪಠ್ಯ ಹೇಳಿದ್ದನ್ನೇ ಉಳಿಸಿಕೊಳ್ಳುವ ಚಾಲಾಕಿತನವಷ್ಟೇ ಬೆಳೆಯುತ್ತಾ? ಪ್ರತಿ ಕಾಲೇಜಿಗೂ ಅದರದ್ದೇ ಪಠ್ಯಗ್ರಂಥ ಇರುತ್ತೆ, ಕೊನೆಗೆ ತೀರ್ಮಾನ ಅಲ್ಲಿಗೇ ಬರಬೇಕು ಅನ್ನೋ ಒತ್ತಡ ಇದ್ದೇ ಇರುತ್ತೆ.

ಆ ಸನ್ಯಾಸಿ ಗೆಂದುನ್ ಛೋಫೆಲ್, 1903ರಲ್ಲಿ ಹುಟ್ಟಿದವರು. ಅಂಗಳದಲ್ಲಿ ಬೇಕಂತಲೇ ಯಾರೂ ಒಪ್ಪದ ಪಕ್ಷ ಹಿಡಿದು ಗೆಲ್ಲೋದ್ರಲ್ಲಿ ಹೆಸರುವಾಸಿ. ಮಠದ ಹಿರಿಯರಿಗೆ ಅದು ಇಷ್ಟ ಆಗಲಿಲ್ಲ. ಭಾರತಕ್ಕೆ ಬಂದು ಊರೂರು ಸುತ್ತಿದರು. 1938ರಲ್ಲಿ ಕಾಲಿಂಪಾಂಗ್‌ನ ಟಿಬೆಟನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು: ಭೂಮಿ ಗುಂಡಗಿದೆ, ಚಪ್ಪಟೆ ಅಲ್ಲ. ಮೇರುಪರ್ವತದ ಸುತ್ತ ದ್ವೀಪಗಳಿವೆ ಅಂತ ಓದಿದ್ದವರಿಗೆ ಇದು ನುಂಗಲಾರದ ತುತ್ತು. 1946ರಲ್ಲಿ ಟಿಬೆಟ್‌ಗೆ ಮರಳಿದ ಸ್ವಲ್ಪ ದಿನಕ್ಕೇ ಅವರನ್ನ ಜೈಲಿಗೆ ಹಾಕಲಾಯಿತು. 1951ರಲ್ಲಿ ತೀರಿಕೊಂಡರು. ಅಂಗಳ ಅಂಥವರನ್ನ ಹುಟ್ಟಿಸಿತು, ಅದರ ಗೋಡೆ ಅವರನ್ನ ತಡಕೊಳ್ಳಲಿಲ್ಲ.

ಈಗ ಮುಂಡಗೋಡಕ್ಕೆ ವಾಪಸ್ ಬನ್ನಿ. 2013ರ ಜನವರಿ 17ರಿಂದ 22ರವರೆಗೆ ಡ್ರೆಪುಂಗ್‌ನ ಸಭಾಂಗಣದಲ್ಲಿ ‘ಮೈಂಡ್ ಅಂಡ್ ಲೈಫ್’ ಸಂವಾದ ನಡೆಯಿತು. ಭೌತಶಾಸ್ತ್ರದವರು, ಮಿದುಳಿನ ವಿಜ್ಞಾನಿಗಳು, ತತ್ವಶಾಸ್ತ್ರದವರು ದಲಾಯಿ ಲಾಮಾ ಜೊತೆ ಕೂತರು, ಸಾವಿರಾರು ಸನ್ಯಾಸಿಗಳು ಆರು ದಿನ ಕೇಳಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ 2006ರಿಂದ ಸನ್ಯಾಸಿಗಳಿಗೆ ವಿಜ್ಞಾನ ಕಲಿಸುವ ಯೋಜನೆ ನಡೆಸ್ತಿತ್ತು. ಆಮೇಲಿನ ವರ್ಷಗಳಲ್ಲಿ ವಿಜ್ಞಾನ ಈ ಮಠಗಳ ಪಠ್ಯಕ್ರಮದೊಳಕ್ಕೇ ಬಂತು. ಬುದ್ಧನ ತರ್ಕದ ಜೊತೆಗೆ ಜೀವಕೋಶ, ನರಕೋಶ. ಗೆಂದುನ್ ಛೋಫೆಲ್‌ರ ಗುಂಡಗಿನ ಭೂಮಿಗೆ ಡ್ರೆಪುಂಗ್‌ನ ಬಾಗಿಲು ತೆರೆಯೋಕೆ ಎಪ್ಪತ್ತೈದು ವರ್ಷ ಹಿಡಿಯಿತು, ಅದೂ ದೇಶ ಕಳಕೊಂಡ ಮೇಲೆ. ಲ್ಹಾಸಾದಲ್ಲೇ ಇದ್ದಿದ್ರೆ ತೆರೆಯುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಹಾಗಂತ ಮನೆ ಕಳಕೊಂಡದ್ದು ಒಳ್ಳೇದಾಯ್ತು ಅನ್ನೋ ಬಾಯಿ ನನಗಿಲ್ಲ, ಬಕ್ಸಾದಲ್ಲಿ ಸತ್ತವರನ್ನ ನೆನೆಸಿಕೊಂಡರೆ.

ಇನ್ನೊಂದು ಬಾಗಿಲು ಇನ್ನೂ ತಡವಾಗಿ ತೆರೆಯಿತು. ಅಂಗಳದಲ್ಲಿ ಶತಮಾನಗಳ ಕಾಲ ನಿಂತವರೂ ಕೂತವರೂ ಗಂಡಸರೇ. ಮುಂಡಗೋಡದಲ್ಲಿ ಸನ್ಯಾಸಿನಿಯರ ಜಂಗ್‌ಚುಬ್ ಛೋಲಿಂಗ್ ಮಠ ಶುರುವಾದದ್ದು 1987ರಲ್ಲಿ. 1995ರಿಂದ ಬೇರೆಬೇರೆ ಕಡೆಯ ಸನ್ಯಾಸಿನಿಯರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ವಾದ ಕಲಿಯೋಕೆ ಆರಂಭಿಸಿದರು. ಓದಿದ್ರೂ ಪದವಿ ಮಾತ್ರ ಇರಲಿಲ್ಲ. 2016ರ ಡಿಸೆಂಬರ್ 22ರಂದು ಇದೇ ಮುಂಡಗೋಡದ ಡ್ರೆಪುಂಗ್‌ನಲ್ಲಿ, ಮಠದ 600ನೇ ವರ್ಷದ ಸಂಭ್ರಮದಲ್ಲಿ, 20 ಸನ್ಯಾಸಿನಿಯರಿಗೆ ‘ಗೆಶೆಮಾ’ ಪದವಿ ಸಿಕ್ಕಿತು. ಟಿಬೆಟನ್ ಸನ್ಯಾಸಿನಿಯರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕರ್ನಾಟಕದಲ್ಲಿ ನಡೆದ ಚರಿತ್ರೆ ಇದು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು ಹೇಳಿ?

ಆಸ್ಬಾರ್ನ್ ಕಡೆಗೆ ಒಂದು ನಿಮಿಷ. ಅವನ ಪದ್ಧತಿಯನ್ನ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದವರು ಒರೆಗೆ ಹಚ್ಚಿದ್ರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ ಐಡಿಯಾಗಳಿಗಿಂತ, ನಾಲ್ಕು ಜನ ಬೇರೆಬೇರೆ ಕೂತು ಬರೆದದ್ದನ್ನ ಒಟ್ಟು ಮಾಡಿದ್ರೆ ಹೆಚ್ಚು ಬರ್ತಿತ್ತು. 2004ರಲ್ಲಿ ಚಾರ್ಲನ್ ನೆಮೆತ್ ಮತ್ತು ಸಂಗಡಿಗರು ಅಮೆರಿಕ, ಫ್ರಾನ್ಸ್ ಎರಡೂ ಕಡೆ ಇನ್ನೊಂದು ಪ್ರಯೋಗ ಮಾಡಿದ್ರು. ‘ಟೀಕೆ ಬೇಡ’ ಅಂತ ಹೇಳಿಸಿಕೊಂಡ ಗುಂಪಿಗಿಂತ ‘ವಾದ ಮಾಡಿ, ಟೀಕೆ ಮಾಡಿ’ ಅಂತ ಹೇಳಿಸಿಕೊಂಡ ಗುಂಪೇ ಹೆಚ್ಚು ಯೋಚನೆ ಕೊಟ್ಟಿತು. ಚೋರಾದ ಹುಡುಗರಿಗೆ ಇದನ್ನ ಹೇಳಿದ್ರೆ ‘ಚೀಚಿರ್’ ಅಂತಾರೆ, ಯಾಕೆ ಅಂತ!

ವಾದ ಅಂದ ತಕ್ಷಣ ನಮ್ಮಲ್ಲಿ ಬಾಯಿಗೆ ಬರೋದು ‘ವಿತಂಡವಾದ’. ಬೈಗುಳವಾಗಿ ಬಳಸ್ತೀವಿ. ನ್ಯಾಯಸೂತ್ರದಲ್ಲಿ ಅದು ಚರ್ಚೆಯ ಮೂರು ಬಗೆಗಳಲ್ಲಿ ಒಂದು: ಸತ್ಯ ಹುಡುಕೋದು ವಾದ, ಗೆಲ್ಲೋಕೆ ಮಾಡೋದು ಜಲ್ಪ, ತನ್ನ ಪಕ್ಷವೇ ಇಲ್ಲದೆ ಎದುರಿನದನ್ನ ಕೆಡವೋದು ವಿತಂಡ. ನಮ್ಮ ಹಿರಿಯರಿಗೆ ಇಷ್ಟು ಬಿಡಿಸಿ ನೋಡೋ ತಾಳ್ಮೆ ಇತ್ತು. ಶಾಲೆಯಲ್ಲಿ ನಾವು ಕಲಿತದ್ದು ‘ಎದುರು ಮಾತಾಡಬೇಡ’ ಅನ್ನೋ ಒಂದೇ ಪಾಠ. ಇದಕ್ಕೆ ಹೊರತಾದ ಜಾಗ ಇಲ್ಲದಿಲ್ಲ. ಇದೇ ಜಿಲ್ಲೆಯ ಜಗಲಿಗಳಲ್ಲಿ ನಡೆಯುವ ತಾಳಮದ್ದಳೆ ಇದೆಯಲ್ಲ. ಬರೆದಿಟ್ಟ ಸಂಭಾಷಣೆ ಇಲ್ಲ, ವೇಷ ಇಲ್ಲ. ‘ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ’ ಅಂತ ವಾಲಿ ಕೇಳಿದ್ರೆ ರಾಮನಾದವನು ಅಲ್ಲೇ, ಆ ಕ್ಷಣವೇ ಉತ್ತರ ಹುಟ್ಟಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ಕೂತ ರಾಮಂದಿರಿಗೆ ಆ ಕಷ್ಟ ಗೊತ್ತಿತ್ತು.

ಮುಗಿಸೋ ಮೊದಲು ಹಳಿಯಾಳದ ಕಡೆ ಒಂದು ತಿರುವು ತಗೊಳ್ತೀನಿ. ಯೋಚನೆ ಹುಟ್ಟೋಕೆ ವಾದವೊಂದೇ ದಾರಿ ಅಂತ ನೀವು ಅಂದುಕೊಂಡ್ರೆ ಅದು ತಪ್ಪಾದೀತು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಸೀಮೆಯ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ವಂಶ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅಲ್ಲಿನ ಹೆಂಗಸರು ಹೊಲಿಯುವ ಕೌದಿಯನ್ನ ‘ಕವಂದ್’ ಅಂತಲೂ ಕರೀತಾರೆ. ಹಳೆ ಸೀರೆ, ಹರಿದ ಅಂಗಿ, ಉಳಿದ ಚಿಂದಿ, ಇವೇ ಸಾಮಗ್ರಿ. ನಕ್ಷೆ ಇಲ್ಲ, ಗೆರೆ ಇಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಕೈಗೆ ಸಿಕ್ಕ ಚಿಂದಿ ಎಷ್ಟು ಉದ್ದವೋ, ಪಕ್ಕದ ಬಣ್ಣ ಯಾವುದೋ, ಮುಂದಿನ ತುಂಡನ್ನ ಅದೇ ನಿರ್ಧರಿಸುತ್ತೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ ಬರಬಹುದು, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನ ಹೊಲೀತಾರೆ. ಅದಕ್ಕೆ ‘ಫುಲ’, ಅಂದ್ರೆ ಹೂವು, ಅಂತ ಹೆಸರು. ಅದಿಲ್ಲದ ಕೌದಿ ಅವರಿಗೆ ಬೆತ್ತಲೆ. ಅಮೆರಿಕದ ಕಲಾ ಚರಿತ್ರಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನ ದಾಖಲಿಸಿದರು, 2004ರಲ್ಲಿ ಹೆಂಗಸರ ಸಹಕಾರ ಗುಂಪು ಕಟ್ಟೋಕೂ ಜೊತೆಯಾದರು.

ಇಲ್ಲಿ ಎದುರಾಳಿ ಇಲ್ಲ ಅನ್ನೋ ಹಾಗಿಲ್ಲ. ಚಿಂದಿಯೇ ಎದುರಾಳಿ. ‘ನನ್ನ ಹತ್ತಿರ ಇಷ್ಟೇ ಇರೋದು, ಏನು ಮಾಡ್ತೀ ಮಾಡು’ ಅನ್ನುತ್ತೆ ಅದು.

ಮುಂಡಗೋಡದ ಅಂಗಳಕ್ಕೂ ಈಗ ಅಂಥದೊಂದು ಪ್ರಶ್ನೆ ಎದುರಾಗಿದೆ. 2008ರ ನಂತರ ಟಿಬೆಟ್‌ನಿಂದ ಗಡಿ ದಾಟಿ ಬರುವವರು ಬಹಳ ಕಡಿಮೆಯಾದರು. ಇವತ್ತು ಅಲ್ಲಿ ಚಪ್ಪಾಳೆ ಬಡಿಯುವ ಎಷ್ಟೋ ಹುಡುಗರು ಲಡಾಖ್, ಸ್ಪಿತಿ, ತವಾಂಗ್, ನೇಪಾಳದ ಕಡೆಯವರು. ಮನೆಮಾತು ಬೇರೆಬೇರೆ, ವಾದದ ಮಾತು ಟಿಬೆಟನ್, ಅಂಗಡಿಯಲ್ಲಿ ಕನ್ನಡ, ಹಿಂದಿ. ಮುಂದಿನ ಐವತ್ತು ವರ್ಷ ಆ ಅಂಗಳದಲ್ಲಿ ಯಾರು ನಿಂತಿರ್ತಾರೆ, ಯಾರು ಕೂತಿರ್ತಾರೆ ಅನ್ನೋದನ್ನ ಅವರೂ ಮಾತಾಡಿಕೊಳ್ತಾರೆ.

ನೋಡೋ ಮನಸ್ಸಿದ್ರೆ ಹೋಗಿ ಬನ್ನಿ. ವಿದೇಶಿಯರಿಗೆ ವಿಶೇಷ ಪರವಾನಗಿ ಬೇಕು, ನಮಗೆ ಬೇಡ. ಸಂಜೆ ಹೊತ್ತು ಹೋಗಿ, ಅಂಗಳದ ಅಂಚಿನಲ್ಲಿ ನಿಲ್ಲಿ, ಕೇಳದೆ ಫೋಟೋ ತೆಗೀಬೇಡಿ.